ಬಳಿಗಾರ ಮಾಸ್ತರನ ಸೀಟ್‌ಬೆಲ್ಟ್ ವಿಜಯ

ಸಕಲ ನಟ್ಟುಬೋಲ್ಟುಗಳಲ್ಲಿ ಅಂತರ್ಯಾಮಿಯಾಗಿ ನೆಲೆಸಿ, ಏರಿನಲ್ಲಿ ಗೇರಾಗಿಯೂ ಇಳಿಜಾರಿನಲ್ಲಿ ಬ್ರೇಕಾಗಿಯೂ ಭಕ್ತರನ್ನು ಪೊರೆವ ಯಂತ್ರಾಧಿದೇವತೆಯೇ, ಈ ಕಥೆಗಾರನ ನಾಲಗೆಗೂ ನಾಲ್ಕು ಹನಿ ಆಯಿಲ್ ಬಿಡು ತಾಯಿ! ಹೊಸ ಕಾರುಗಳು ತಾವಾಗಿಯೇ ಮಾತಾಡುತ್ತಿದ್ದ, ಹಳೆಯ ಕಾರುಗಳು ಬೈಸಿಕೊಂಡ ಹೊರತು ಸ್ಟಾರ್ಟ್ ಆಗದಿದ್ದ ಆ ವಿಚಿತ್ರ ಯುಗದಲ್ಲಿ, ಗದಗವೆಂಬ ಮಹಾನಗರದಲ್ಲಿ ಒಬ್ಬ ವೀರನಿದ್ದ. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ, ವರ್ಣಕುಂಚಧಾರಣಧುರಂಧರ, ನೀಲಕಂಠಪ್ಪ ಬಳಿಗಾರ ಮಾಸ್ತರ ಎಂಬುದು ಅವನ ನಾಮಧೇಯ. ಹರೆಯದಲ್ಲಿ ದೊಡ್ಡಾಟದ ಪಾತ್ರ ಮಾಡಿದ್ದ ಕಾರಣ, ಸಿಟ್ಟು ಬಂದಾಗ ಅವನ ಬಾಯಿಂದ ರಾಜಮಹಾರಾಜರ ಮಾತೇ ಹೊರಡುತ್ತಿತ್ತು.

ಇನ್ನು ಅವನ ರಥವೋ! ದ್ವಾವಿಂಶತಿವರ್ಷಪ್ರಾಯದ್ದು, ಹುಟ್ಟಿದಾಗ ಬೆಳ್ಳಗಿದ್ದು ಈಗ ಹಳೇ ಧೋತರದ ಬಣ್ಣಕ್ಕೆ ತಿರುಗಿದ್ದು. ಅದು ಅವರೋಹಣಮಾತ್ರಸಮರ್ಥಗವಾಕ್ಷಭೂಷಿತ, ಅಂದರೆ ಇಳಿಸಿದ ಗಾಜು ಮೇಲೇರದು. ಹಾರ್ನ್‌ವರ್ಜಿತಸರ್ವಾಂಗನಿನಾದಿತ, ಅಂದರೆ ಹಾರ್ನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುವುದು.

ಇಂಥ ರಥಕ್ಕೆ ಕಳೆದ ವಾರ ಒಂದು ಮೇಕೆ ಅಡ್ಡ ಬಂತು. ಯಾರೂ ನಿರೀಕ್ಷಿಸದ ರೀತಿಯಲ್ಲಿ ಬ್ರೇಕ್ ಹಿಡಿಯಿತು. ಆದರೆ ಎಡಗಡೆಯ ಸೀಟ್‌ಬೆಲ್ಟಿನ ಕೊಕ್ಕೆ ಆ ಕ್ಷಣದಲ್ಲೇ ಕೈಬಿಟ್ಟು, ಮಾಸ್ತರನ ಪತ್ನಿ ಶಿವಲೀಲಾಳ ಹಣೆ ಡ್ಯಾಶ್‌ಬೋರ್ಡಿಗೆ ಬಡಿದು ನಿಂಬೆಹಣ್ಣಿನಷ್ಟು ಬುಗುಟೆ ಎದ್ದಿತು. ಮೇಕೆ ಕ್ಷೇಮವಾಗಿ ದಾಟಿತು. ರಥದಿಂದಿಳಿದ ಆ ಮಾನಿನಿ ನಡುಬೀದಿಯಲ್ಲೇ ಪ್ರತಿಜ್ಞೆಗೈದಳು.

"ಆ ಬೆಲ್ಟ ಕಟಕ್ ಅಂತ ಹಿಡಿಯೋ ಮಟಾ ನಾ ಈ ಗಾಡಿ ಹತ್ತಂಗಿಲ್ಲ! ಶುಕ್ರವಾರ ಮದಿವಿಗೆ ನಮ್ಮ ರುದ್ರಪ್ಪ ಹೊಸಾ ಕಾರ್ ಕಳಸ್ತೇನಂದಾನ, ಅದರಾಗ ಹೋಗ್ತೀನಿ. ನೀವು ಬೇಕಾದ್ರ ಹಿಂದ ಬರ್ರಿ."

ರುದ್ರಪ್ಪ ಅವಳ ತಮ್ಮ. ಮದುವೆ ಅವನ ಮಗಳದ್ದೇ. ಮಾಸ್ತರನ ರಥವನ್ನು ಆರು ವರ್ಷದಿಂದ 'ಡಬ್ಬಿ' ಎಂದು ಕರೆಯುತ್ತ ಬಂದ ಮಹಾಪಾತಕಿಯೂ ಅವನೇ. ಬೀಗರೆಲ್ಲ ನೋಡುತ್ತಿರುವಾಗ ಹೆಂಡತಿ ತಮ್ಮನ ಕಾರಿನಿಂದ ಇಳಿಯುವುದು, ತಾನು ಹಿಂದಿನಿಂದ ಧೂಳು ಕುಡಿಯುತ್ತ ಒಬ್ಬನೇ ಬರುವುದು! ನೆನೆದರೆ ವೀರನ ಎದೆ ಉರಿಯಿತು. ಆ ಬುಗುಟೆ ನೋಡಿದಾಗಲಂತೂ ಇನ್ನೂ ಹೆಚ್ಚು ಉರಿಯಿತು.

ಅಷ್ಟರಲ್ಲಿ ದೈವಾನುಗ್ರಹದಂತೆ ಪತ್ರಿಕೆಯಲ್ಲೊಂದು ಪ್ರಕಟಣೆ ಬಂತು. ಆ ರಥವನ್ನು ನಿರ್ಮಿಸಿದ ಕಂಪನಿಯೇ ಕೊಟ್ಟದ್ದು: ನಮ್ಮ ಕೆಲವು ಹಳೆಯ ಕಾರುಗಳ ಸೀಟ್‌ಬೆಲ್ಟಿನ ಕೊಕ್ಕೆಯಲ್ಲಿ ದೋಷವಿದೆ, ವಾಪಸ್ ತನ್ನಿ, ಪುಕ್ಕಟೆಯಾಗಿ ಬದಲಿಸುತ್ತೇವೆ. ಮಾಸ್ತರ ಅದನ್ನು ಕತ್ತರಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಗುರುವಾರ ಬೆಳಿಗ್ಗೆ ಸರ್ವಿಸ್ ಸೆಂಟರಿನ ದ್ವಾರದಲ್ಲಿ ರಥ ನಿಲ್ಲಿಸಿ, ಟೈ ಕಟ್ಟಿದ್ದ ಯುವಕನೆದುರು ಆ ಪತ್ರಿಕಾಸ್ತ್ರವನ್ನು ಪ್ರಯೋಗಿಸಿ ಗರ್ಜಿಸಿದ.

"ಎಲವೋ ಕಂಠಕೌಪೀನಧಾರಿಯೇ! ಈ ಬಳಿಗಾರನಾರೆಂದು ಬಲ್ಲೆಯಾ? ಬರಿಗೈಯಲ್ಲಿ ಪರಿಪೂರ್ಣ ವರ್ತುಲವನ್ನು ಬರೆದವನು! ನಿಮ್ಮ ಕೃತಘ್ನ ಕೊಕ್ಕೆಯು ನನ್ನ ಅರ್ಧಾಂಗಿಯ ಲಲಾಟವನ್ನು ಪೀಡಿಸಿದೆ. ನೂತನ ಕೊಕ್ಕೆಯನ್ನು ಕೊಡುವೆಯೋ, ಇಲ್ಲಾ ಈ ಕುರ್ಚಿಯಲ್ಲೇ ಅನ್ನನೀರು ತೊರೆದು ಪ್ರಾಣವನ್ನು ಬಿಡಲೋ?"

"ಕುಂಡರ್ರಿ ಸರ್. ಚಾ ತರಸ್ಲೇನ್ರಿ?" ಎಂದ ಯುವಕ, ಕಂಪ್ಯೂಟರಿನಲ್ಲಿ ಗಾಡಿಯ ನಂಬರ್ ಒತ್ತಿ ಮೋರೆ ಸಣ್ಣದು ಮಾಡಿದ. "ಸರ್, ನಿಮ್ಮ ಗಾಡಿ ಈ ಪಟ್ಟ್ಯಾಗಿನ ಗಾಡಿಗಳಿಗಿಂತಾನೂ ಹಳೇದದ. ಇದನ್ನ ವಾಪಸ್ ಕರಿಯೋದಿರ್ಲಿ, ಇದು ಇನ್ನೂ ಅದ ಅನ್ನೋದ ಕಂಪನ್ಯಾವ್ರಿಗೆ ಗೊತ್ತಿಲ್ರಿ."

ಅಸ್ತ್ರ ವ್ಯರ್ಥವಾಯಿತು. ವೀರ ಕುರ್ಚಿಯಲ್ಲಿ ಕುಸಿದ. ಚಹಾ ಬಂತು, ಕುಡಿದ. ಅನ್ನನೀರು ತೊರೆಯುವ ಮಾತಿನಲ್ಲಿ ಚಹಾದ ಪ್ರಸ್ತಾಪ ಇರಲಿಲ್ಲವಷ್ಟೆ.

ಅಷ್ಟರಲ್ಲಿ ದಾದಾಪೀರ ಎಂಬ ಹಿರಿಯ ಮೆಕ್ಯಾನಿಕ್, ಸುಮ್ಮನೆ ನೋಡಿದರಾಯಿತೆಂದು ರಥದೊಳಗೆ ಬಾಗಿ, ಕೊಕ್ಕೆಯ ಬಾಯಿಗೆ ಟಾರ್ಚ್ ಬಿಟ್ಟ. ಸೈಕಲ್ಲಿನ ಕಡ್ಡಿಯಿಂದ ಕೆದಕಿದ.

"ಮಾಸ್ತರ್ರ, ಇದರ ಬಾಯಾಗ ಅಕ್ಕಿ ಅದಾವಲ್ರಿ! ಯಾರು ಹಾಕ್ಯಾರ?"

ಎರಡು ಸಲ ಕುಟ್ಟಿದಾಗ ಅಕ್ಷತೆಯ ಕಾಳು ಉದುರಿದವು. ಬೆನ್ನಿಗೇ ಕುಂಕುಮದ ಹೆಂಟೆ, ವಿಭೂತಿಯ ಚೂರು, ಚೆಂಡುಹೂವಿನ ಒಣ ಎಸಳು ಬಂದವು. ಮಾಸ್ತರನ ಮುಖ ಕುಂಕುಮಕ್ಕಿಂತ ಕೆಂಪಾಯಿತು. ವರ್ಷಕ್ಕೊಮ್ಮೆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಸ್ಟೇರಿಂಗಿಗೆ, ಗಾಲಿಗೆ, ಗೇರಿಗೆ ಎಲ್ಲರೂ ಕುಂಕುಮ ಹಚ್ಚುತ್ತಾರೆ. ಮಾಸ್ತರ ಮಾತ್ರ ಹೆಂಡತಿಯ ಜೀವ ಕಾಯುವ ಆಯುಧ ಇದೇ ಎಂದು ಎಡಗಡೆಯ ಕೊಕ್ಕೆಗೆ ತಪ್ಪದೆ ಒಂದು ಚಿಟಿಕೆ ಅಕ್ಷತೆ ಹಾಕುತ್ತ ಬಂದಿದ್ದ. ಬಲಗಡೆಯದಕ್ಕೆ ಹಾಕಿರಲಿಲ್ಲ. ತನ್ನ ಜೀವದ ಬಗ್ಗೆ ಅವನಿಗೆ ಅಷ್ಟು ಕಾಳಜಿ ಇರಲಿಲ್ಲ.

ದಾದಾಪೀರ ಬೆಲ್ಟನ್ನು ಎಳೆದು ಸಿಕ್ಕಿಸಿದ. ಕಟಕ್!

ದಿಗ್ವಿಜಯಿಯಾಗಿ ಮನೆಗೆ ಮರಳಿದ ವೀರನನ್ನು ಶಿವಲೀಲಾ ಹೊಸ್ತಿಲಲ್ಲೇ ತಡೆದಳು. "ಹೊಸಾದು ಹಾಕಿದ್ರೇನು?"

"ಎಲೈ ಪ್ರಿಯೇ, ಘೋರ ಸಂಗ್ರಾಮದ ತರುವಾಯ..." ಎಂದು ಆರಂಭಿಸಿದ ವೀರ, ಅವಳ ಹಣೆಯ ಬುಗುಟೆ ಕಂಡು ರಾಜಭಾಷೆಯನ್ನು ಅಲ್ಲೇ ಕೈಬಿಟ್ಟ. "ಇಲ್ಲ. ಅಕ್ಕಿ ಸಿಕ್ಕೊಂಡಿದ್ವು. ಖಂಡೇಪೂಜಿಗೆ ನಾನ ಹಾಕಿದ್ದೆ. ನಿನಗ ಏನೂ ಆಗಬಾರದು ಅಂತ."

ಅವಳು ಬುಗುಟೆ ಹಿಡಿದುಕೊಂಡು, ನೋವಿನಿಂದ ಅಯ್ಯೋ ಅನ್ನುತ್ತಲೇ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ತಮ್ಮನಿಗೆ ಫೋನ್ ಮಾಡಿ ಹೊಸ ಕಾರು ಬೇಡವೆಂದಳು. ಯಾಕೆ ಬೇಡವೆಂಬುದನ್ನೂ ಹೇಳಿದಳು.

ವೀರರ ಕೀರ್ತಿ ರಥಕ್ಕಿಂತ ವೇಗವಾಗಿ ಹೋಗುತ್ತದೆಂಬುದು ಹಿರಿಯರ ಮಾತು. ಈ ರಥದ ವೇಗಕ್ಕೆ ಹೋಲಿಸಿದರೆ ಅದೇನೂ ದೊಡ್ಡ ವಿಷಯವಲ್ಲ. ಶುಕ್ರವಾರ ಕಲ್ಯಾಣಮಂಟಪದ ಎದುರು, ಬೀಗರ ಸಮಕ್ಷಮದಲ್ಲಿ, ಪತ್ನೀಸಮೇತನಾಗಿ ಬಳಿಗಾರ ಮಾಸ್ತರ ರಥ ನಿಲ್ಲಿಸಿದಾಗ ರುದ್ರಪ್ಪ ಕೈಮುಗಿದು ಓಡಿ ಬಂದ.

"ಬರ್ರಿ ಮಾಮಾ, ನಿಮ್ಮ ದಾರೀನ ಕಾಯಾಕತ್ತಿದ್ವಿ. ಮುಹೂರ್ತಕ್ಕ ಅಕ್ಕಿಕಾಳು ಕಡಿಮಿ ಬಿದ್ದಾವು, ಗಾಡ್ಯಾಗ ಇನ್ನೂ ಉಳದಾವೇನು?"

ಎಲ್ಲರಿಗಿಂತ ಮೊದಲು ನಕ್ಕವಳು ಎಡಗಡೆಯ ಸೀಟಿನಲ್ಲಿದ್ದವಳು.