ಅತ್ತೆಯ ಸೇವಂತಿಗೆ, ಅಳಿಯನ ರಗ್ಗು

"ಗಿಡ ತಾನೆ? ನಾನ್ ನೋಡ್ಕೋತೀನಿ, ನೀನ್ ಹೋಗೇ! ಫ್ಯಾಕ್ಟರೀಲಿ ಅಷ್ಟು ಜನಾನ ನೋಡ್ಕೊಳ್ಳೋನಿಗೆ ನಾಲ್ಕು ಪಾಟು ಯಾವ ಲೆಕ್ಕ!"

ಹೀಗೆಂದು ಎದೆ ತಟ್ಟಿಕೊಂಡು ಕಾಂತೇಶ್ ಹೆಂಡತಿ ಕೋಮಲಾಳನ್ನು ತವರಿನ ಬಸ್ಸು ಹತ್ತಿಸಿದ. ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಅವನು ಸೂಪರ್‌ವೈಸರ್. ಅವನು ಕೆಮ್ಮಿದರೆ ಇಡೀ ಶಿಫ್ಟು ನೆಟ್ಟಗೆ ನಿಲ್ಲುತ್ತದೆ! ಅಂಥ ಮಹಾವೀರನಿಗೂ ಜಗತ್ತಿನಲ್ಲಿ ಒಂದೇ ಒಂದು ಭಯವಿತ್ತು. ಅದು ಸಿ.ಎಸ್. ಪುರದಲ್ಲಿ ಸೇವಂತಿಗೆ ಬೆಳೆಯುವ ಅವನ ಅತ್ತೆ, ಕಲ್ಲಮ್ಮ.

ತಾರಸಿಯ ಮೇಲಿನ ಸೇವಂತಿಗೆ ಸಸಿಗಳು ಆಕೆ ಕೊಟ್ಟವೇ. ತೀರಿಹೋದ ಗಂಡ ಅಡವಿಯಪ್ಪ ಎಲ್ಲಿಂದಲೋ ತಂದು ಜೋಪಾನ ಮಾಡಿದ ತಳಿಯಂತೆ. ಹೊರಗಿನವರಿಗೆ ಕಲ್ಲಮ್ಮ ಅದರ ಒಂದು ಕಡ್ಡಿಯನ್ನೂ ಕೊಟ್ಟವರಲ್ಲ. ಈ ಸಲ ಮಗಳ ಕೈಗೆ ಕೊಟ್ಟು, ಅಳಿಯನ ಕಡೆ ತಿರುಗಿದ್ದರು. "ಹೋದ ಸಲ ಕರಿಬೇವಿನ ಗಿಡ ಒಣಗಿಸಿದ್ರಿ. ಇದ್ಕೇನಾದ್ರೂ ಆಗ್ಲಿ, ನಮ್ಮ ಹೊಲದಿಂದ ಒಂದೆಲೇನೂ ನಿಮ್ಮನೆಗೆ ಬರಾಕಿಲ್ಲ ಅಳಿಯಂದ್ರೆ!"

ಸಸಿಗಳು ಗೇಣುದ್ದ ಬೆಳೆದು ಚೆನ್ನಾಗಿಯೇ ಇದ್ದವು. ಆದರೆ ಶನಿವಾರ ಶಿಫ್ಟು ಮುಗಿಸಿ ಬಂದ ಕಾಂತೇಶನಿಗೆ ಉಮೇದು ಹೆಚ್ಚಾಗಿ, ಮದುವೆಯಲ್ಲಿ ಬಂದ ದಪ್ಪ ರಗ್ಗನ್ನು ಒಗೆದುಬಿಟ್ಟ. ಹೆಂಡತಿ ಬಂದು ಬೆರಗಾಗಬೇಕು ನೋಡಿ! ನೀರು ಸುರಿಯುತ್ತಿದ್ದ ರಗ್ಗನ್ನು ತಂತಿಯ ಮೇಲೆ ಎತ್ತಿ ಹಾಕಿದ್ದೇ ತಡ, ತಂತಿ ಪಟ್ಟಂತ ಕಿತ್ತುಹೋಗಿ, ರಗ್ಗು ದೊಪ್ಪನೆ ಕುಂಡಗಳ ಮೇಲೆ ಬಿತ್ತು!

ಎತ್ತಿ ನೋಡಿದ. ಅಯ್ಯಯ್ಯೋ! ಒಂದು ಗಿಡದ ಕುಡಿಯೂ ಉಳಿದಿರಲಿಲ್ಲ. ಬರೀ ಮೊಂಡು ಕಡ್ಡಿಗಳು. ಅಷ್ಟರಲ್ಲಿ ಫೋನು.

"ರೀ, ನಾಳೆ ಬೆಳಿಗ್ಗೆ ಬರ್ತಿದೀನಿ. ಅಮ್ಮನೂ ಬರ್ತಾಳೆ."

"ಅ... ಅತ್ತೆ ಯಾಕೆ?"

"ಗಿಡ ನೋಡ್ಬೇಕಂತೆ. ಯಾಕ್ರೀ ದನಿ ನಡುಗ್ತಿದೆ?"

"ಚಳಿ ಕಣೇ!"

"ಈ ಬಿಸಿಲಲ್ಲಿ ಚಳಿನಾ?"

ಫೋನಿಟ್ಟವನೇ ಗೋಂದು ಹಚ್ಚಿ ನೋಡಿದ, ಕುಡಿ ನಿಲ್ಲಲಿಲ್ಲ. ಕಡೆಗೆ, ಹೆದರಿದವನಿಗೆ ಮಾತ್ರ ಹೊಳೆಯುವಂಥ ಉಪಾಯವೊಂದು ಹೊಳೆಯಿತು. ಮೊಂಡು ಕಡ್ಡಿ ಕಂಡರೆ ತಾನೆ ಬೈಗುಳ? ಅದರ ತಲೆಯ ಮೇಲೆ ಹೂವೇ ಇದ್ದರೆ? ಬೆಳಗಾಗುತ್ತಲೇ ಅಂತರಸನಹಳ್ಳಿ ಮಾರ್ಕೆಟ್ಟಿಗೆ ಓಡಿ ದಪ್ಪದಪ್ಪ ಹಳದಿ ಸೇವಂತಿಗೆ ತಂದ. ಒಂದೊಂದನ್ನೂ ಟೂತ್‌ಪಿಕ್ಕಿನಿಂದ ಕಡ್ಡಿಯ ತುದಿಗೆ ಚುಚ್ಚಿ ನಿಲ್ಲಿಸಿದ. ಆಹಾ, ಫಲಪುಷ್ಪ ಪ್ರದರ್ಶನ!

ಗೇಟಿನ ಸದ್ದಾಯಿತು. ಕಲ್ಲಮ್ಮ ಕಾಫಿಯನ್ನೂ ಕುಡಿಯದೆ ಸೀದಾ ಮೆಟ್ಟಿಲು ಹತ್ತಿದರು. ಕಾಂತೇಶ್ ಹಿಂದೆಯೇ ಓಡಿದ.

"ನೆಟ್ಟು ಇನ್ನೂ ಒಂದೇ ತಿಂಗ್ಳು. ಆಗ್ಲೇ ಹೂವಾ?"

"ಗೊಬ್ಬರ ಅತ್ತೆ... ಒಳ್ಳೇ ಗೊಬ್ಬರ!"

"ನಮ್ದು ಬಿಳೀ ಹೂವು. ಅರಿಶಿಣ ಬಣ್ಣ ಹೆಂಗ್ ಬಂತು?"

ಗಿಡ ಯಾವ ಬಣ್ಣದ ಹೂ ಬಿಡುತ್ತದೆಂದು ಪುಣ್ಯಾತ್ಮ ಕೇಳಿಯೇ ಇರಲಿಲ್ಲ! ಕಲ್ಲಮ್ಮ ಒಂದು ಹೂ ಹಿಡಿದರು. ಅದು ಟೂತ್‌ಪಿಕ್ಕಿನ ಸಮೇತ ಕೈಗೆ ಬಂತು.

"ತಪ್ಪಾಯ್ತು ಅತ್ತೆ! ರಗ್ಗು ಬಿದ್ದು ಕುಡಿಯೆಲ್ಲ ಮುರೀತು. ಮಾವನ ತಳಿ ನನ್ ಕೈಲಿ ಹಾಳಾಗೋಯ್ತು!" ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಕಲ್ಲಮ್ಮ ಬಗ್ಗಿ ಕಡ್ಡಿಗಳನ್ನು ಮುಟ್ಟಿ ನೋಡಿದರು. ತಲೆ ಎತ್ತಿದಾಗ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. ನಗು!

"ಅಯ್ಯೋ ಬುಡಿ! ಇಷ್ಟು ಬೆಳೆದ್ಮೇಲೆ ಕುಡಿ ಚಿವುಟ್ಲೇಬೇಕು. ಆಗ್ಲೇ ಕವಲೊಡೆದು ಗಿಡ ತುಂಬ ಹೂ ಬುಡೋದು. ಅದ್ಕೇ ನಾನ್ ಬಸ್ಸತ್ತಿ ಬಂದಿದ್ದು. ಸುಮ್ನಿದ್ದಿದ್ರೆ ಶಹಬ್ಬಾಸ್ ಅಂತಿದ್ದೆ. ಈ ನಾಟ್ಕ ಯಾಕ್ ಬೇಕಿತ್ತು?"

ಕಾಂತೇಶನಿಗೆ ಹೋದ ಜೀವ ಬಂತು. ಜೀವದ ಹಿಂದೆಯೇ ಜಂಬವೂ ಬಂತು. "ಅದೇ ಮತ್ತೆ! ಕೈಯಲ್ಲಿ ಚಿವುಟಿದ್ರೆ ಎಷ್ಟು ಹೊತ್ತಾಗ್ತಿತ್ತು! ನಂದು ಒಂದೇ ಏಟು, ಎಲ್ಲಾ ಕುಡಿ!"

"ಹೌದಾ? ಹೊಲದ ತುಂಬ ಗಿಡ ಹಂಗೇ ನಿಂತವೆ, ಚಿವುಟಾಕೆ ಆಳು ಸಿಕ್ತಿಲ್ಲ. ಬರೋ ಭಾನುವಾರ ಬಂದ್ಬುಡಿ ಅಳಿಯಂದ್ರೆ."

ಕಾಂತೇಶನ ಮುಖ ಇಳಿಯಿತು. ಕೋಮಲಾ ಟೂತ್‌ಪಿಕ್ ಕಿತ್ತು, ಹಳದಿ ಹೂವನ್ನು ಜಡೆಗೆ ಮುಡಿದುಕೊಂಡಳು.

"ಬರ್ತಾರೆ ಬಿಡಮ್ಮ. ರೀ, ಹೋಗೋವಾಗ ರಗ್ಗು ಮರೀಬೇಡಿ!"