ಜೋಡಿ ಹಚ್ಚಿದವನ ಕುಸ್ತಿ

ಹದಿನಾಲ್ಕು ವರ್ಷ ನಾನು ಬೈಲಹೊಂಗಲದಿಂದ ಒಂದು ಸಣ್ಣ ದಿನಪತ್ರಿಕೆಗೆ ವರದಿ ಕಳಿಸಿದ್ದೇನೆ. ಅಷ್ಟು ವರ್ಷಗಳಲ್ಲಿ ನನ್ನ ಒಂದೇ ಒಂದು ವರದಿಗೂ ‘ತಿದ್ದುಪಡಿ’ ಪ್ರಕಟವಾಗಿಲ್ಲ. ಓದಿದವರಿದ್ದರೆ ತಾನೇ ತಪ್ಪು ಹಿಡಿಯುವುದು ಎಂದು ನನ್ನ ಹೆಂಡತಿ ಗಿರಿಜಾ ಇದಕ್ಕೆ ಬೇರೊಂದು ಕಾರಣ ಕೊಡುತ್ತಾಳೆ. ಅದನ್ನು ನಾನು ದಾಖಲೆಗೆ ತೆಗೆದುಕೊಂಡಿಲ್ಲ.

ನನ್ನ ನಿಯಮ ಸರಳ. ಕಣ್ಣಾರೆ ಕಂಡದ್ದನ್ನು ಬರೆಯಬೇಕು. ಕಾಣದಿದ್ದರೆ ಇಬ್ಬರನ್ನು ಕೇಳಬೇಕು. ಇಬ್ಬರೂ ಒಂದೇ ಮಾತು ಹೇಳಿದರೆ ಅದು ಸತ್ಯ. ಈ ನಿಯಮವನ್ನು ನಾನು ಮುರಿದದ್ದು ಒಂದೇ ಸಲ, ಅದೂ ಮೂರು ಕುಸ್ತಿಗಳ ಒಂದು ಚಿಕ್ಕ ಪಟ್ಟಿಗಾಗಿ. ಮೂರಕ್ಕೆ ಮುಗಿದದ್ದು ದೇವರ ದಯೆ!

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಓಣಿಗೆ ಕೇಬಲ್ ಬಂತು, ಕೇಬಲ್ಲಿನ ಬೆನ್ನಿಗೆ ವಿದೇಶಿ ಕುಸ್ತಿ ಬಂತು. ಎತ್ತಿನಂಥ ಆಳುಗಳು ಮೊದಲು ಮೈಕ್ ಹಿಡಿದು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಆಮೇಲೆ ಕಬ್ಬಿಣದ ಕುರ್ಚಿಯಿಂದ ಬಡಿದಾಡುತ್ತಿದ್ದರು. ತೀರ್ಪು ಕೊಡಬೇಕಾದ ಪಂಚ ಮಾತ್ರ ಯಾವಾಗಲೂ ಬೇರೆ ಕಡೆ ನೋಡುತ್ತಿದ್ದ. ಊರಿಗೆ ಊರೇ ಹುಚ್ಚಾಯಿತು. ಬ್ಯಾಂಕಿನ ಗುಮಾಸ್ತರು, ದರ್ಜಿಗಳು, ನಿವೃತ್ತ ಮಾಸ್ತರರು ಎಲ್ಲರೂ ಮುಂದಿನ ದೊಡ್ಡ ಪ್ರದರ್ಶನದಲ್ಲಿ ಯಾರಿಗೆ ಯಾರು ಎದುರಾಗಬೇಕು ಎಂದು ಪಟ್ಟಿ ಬರೆಯತೊಡಗಿದರು. ಈ ಪಟ್ಟಿಗಳ ಚರ್ಚೆ ನಡೆಯುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಎದುರು ದಸ್ತಗೀರಸಾಬರ ಝೆರಾಕ್ಸ್ ಅಂಗಡಿಯಲ್ಲಿ.

ದಸ್ತಗೀರಸಾಬರು ಪ್ರಾಯದಲ್ಲಿ ತಾಲೀಮಿನಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡ ಪೈಲವಾನರು. ಒಂದು ಕಿವಿ ಇನ್ನೂ ಹಿಂಡಿದ ಲಿಂಬೆಹಣ್ಣಿನ ಹಾಗಿದೆ. ಟೀವಿ ಕುಸ್ತಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ.

“ಅದೇನ್ ಕುಸ್ತಿರಿ? ಯಾರು ಗೆಲ್ಲಬೇಕು ಅನ್ನೂದು ಮೊದಲ ಠರಾವ್ ಆಗಿರತೈತಿ. ಬೀಳಾವಗೂ ಗೊತ್ತು, ಕೆಡವಾವಗೂ ಗೊತ್ತು. ಗೊತ್ತಿಲ್ದಿದ್ದು ನೋಡಾಕ ಕುಂತ ಮಂದಿಗಷ್ಟ.”

ಆ ಮಾತು ಕೇಳಿದ ಕೂಡಲೇ ನನಗೆ ಹಿಂದಿನ ದಿನವಷ್ಟೇ ವರದಿ ಮಾಡಿದ್ದ ನಮ್ಮೂರ ಸಹಕಾರಿ ಸೊಸೈಟಿಯ ವಾರ್ಷಿಕ ಸಭೆ ನೆನಪಾಯಿತು. ಅಲ್ಲಿಯೂ ಮೈಕ್ ಇತ್ತು, ಬೈಗುಳ ಇತ್ತು, ಕುರ್ಚಿ ಇತ್ತು. ಠರಾವು ಮಾತ್ರ ಸಭೆಗಿಂತ ಮೊದಲೇ ಟೈಪಾಗಿತ್ತು! ಇಂಥ ಕಲಾವಿದರು ಊರಲ್ಲೇ ಇರುವಾಗ ವಿದೇಶದವರನ್ನು ಯಾಕೆ ನೋಡಬೇಕು?

ಮನೆಗೆ ಬಂದು ಪಟ್ಟಿ ಬರೆದೆ.

‘ಭವ್ಯ ಕುಸ್ತಿ ಪ್ರದರ್ಶನ. ಮೊದಲನೇ ಕುಸ್ತಿ: ಮುನವಳ್ಳಿ ಬಸ್ಸಿನ ಕಿಟಕಿಯೊಳಗೆ ಟಾವೆಲ್ ಒಗೆದು ಸೀಟು ಹಿಡಿದವರು ವಿರುದ್ಧ ಬಾಗಿಲಿನಿಂದ ಹತ್ತಿದವರು. ಅವಧಿ: ಮುನವಳ್ಳಿ ಬರುವವರೆಗೆ. ಎರಡನೇ ಕುಸ್ತಿ: ಗುತ್ತಿಗೆದಾರ ಈರಣ್ಣ ವಿರುದ್ಧ ಅವರೇ ಮಾಡಿದ ರಸ್ತೆ. ಮೊದಲ ಮಳೆಗೇ ರಸ್ತೆ ಓಡಿಹೋಗುವುದರಿಂದ ಈರಣ್ಣನವರಿಗೆ ಜಯ. ಬೆಳ್ಳಿ ಗದೆ ಬಹುಮಾನದ ಕೊನೆಯ ಕುಸ್ತಿ: ಸೊಸೈಟಿ ಅಧ್ಯಕ್ಷ ಅಡಿವೆಪ್ಪಗೌಡರು ವಿರುದ್ಧ ಮಾಜಿ ಅಧ್ಯಕ್ಷ ಬಾಳಪ್ಪನವರು. ಹಗಲು ಹೊಡೆದಾಟ, ಸಂಜೆ ಕೂಡಿ ಊಟ. ಗೆದ್ದವರು: ಗೌಡರು. ಚಿತ್ ಆದವರು: ಷೇರುದಾರರು.’

ಗಿರಿಜಾ ಓದಿದಳು. ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ಏನ್ರಿ, ಈ ಗೌಡ್ರು ಅಂದ್ರ ನಮ್ಮ ಗೌಡ್ರ ಏನು?”

ನಮ್ಮ ಗೌಡರೇ ಆಗಿದ್ದರು. ಗಿರಿಜಾ ಮುನವಳ್ಳಿಯ ಸಾಲಿಯಲ್ಲಿ ಶಿಕ್ಷಕಿ. ಏಳು ವರ್ಷಗಳಿಂದ ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದಳು. ಮೊದಲನೇ ಕುಸ್ತಿಯಲ್ಲಿ ಬಾಗಿಲಿನಿಂದ ಹತ್ತುವ ಪಾರ್ಟಿ ಅವಳದೇ. ಸೊಂಟ ನೋವು ಶುರುವಾಗಿತ್ತು. ಊರಿನ ಸಾಲಿಯಲ್ಲಿ ಆ ವರ್ಷ ಒಂದೇ ಜಾಗ ಖಾಲಿಯಾಗಿತ್ತು. ಅದಕ್ಕೆ ವರ್ಗ ಮಾಡಿಸಿಕೊಳ್ಳಲು ಅಡಿವೆಪ್ಪಗೌಡರ ಶಿಫಾರಸು ಪತ್ರ ಬೇಕಿತ್ತು. “ಸೋಮವಾರ ಬರ್ರಿ, ಸಹಿ ಮಾಡತೇನಿ” ಎಂದಿದ್ದರು. ಅಂದು ಬುಧವಾರ.

“ಹರದ ಒಲಿಗೆ ಹಾಕ್ರಿ” ಎಂದಳು.

ಒಪ್ಪಿದೆ. ಆದರೆ ಬರೆದದ್ದನ್ನು ಪ್ರತಿ ಇಟ್ಟುಕೊಳ್ಳದೆ ನಾಶ ಮಾಡುವುದು ಪತ್ರಿಕಾವೃತ್ತಿಗೆ ವಿರುದ್ಧವಲ್ಲವೆ? ಒಂದೇ ಒಂದು ಝೆರಾಕ್ಸ್ ಪ್ರತಿಗಾಗಿ ದಸ್ತಗೀರಸಾಬರಲ್ಲಿಗೆ ಹೋದೆ. ಅವರು ಓದಿ ನಕ್ಕ ರಭಸಕ್ಕೆ ಮಶೀನಿನ ಮುಚ್ಚಳ ತಾನಾಗಿ ಬಿತ್ತು. ಆಮೇಲೆ ಕಣ್ಣೊರೆಸಿಕೊಂಡು ಗಂಭೀರರಾದರು.

“ಛಲೋ ಐತ್ರಿ. ಆದ್ರ ಜೋಡಿ ಹಚ್ಚೂದು ಹುಡುಗಾಟಕಿ ಅಲ್ಲ. ತೂಕಕ್ಕ ತೂಕ, ಮಾನಕ್ಕ ಮಾನ ನೋಡಬೇಕಾಕ್ಕೈತಿ. ಜೋಡಿ ತಪ್ಪಿತಂದ್ರ ಪೈಲವಾನ ಚಿತ್ ಆಗೂದಿಲ್ರಿ, ಜೋಡಿ ಹಚ್ಚಿದಾವ ಚಿತ್ ಆಕ್ಕಾನ.”

ಅನುಭವಿಗಳ ಮಾತನ್ನು ನಾನು ಎಂದೂ ಕಡೆಗಣಿಸಿಲ್ಲ. ಅಂದು ಕಡೆಗಣಿಸಿದೆ.

ಗುರುವಾರ ಬೆಳಿಗ್ಗೆ ಪಟ್ಟಿ ಬಸ್ ಸ್ಟ್ಯಾಂಡಿನಲ್ಲಿತ್ತು. ಮಧ್ಯಾಹ್ನ ಕಂಡಕ್ಟರರ ಕಿಸೆಯಲ್ಲಿ ಸವದತ್ತಿಗೆ ಹೋಯಿತು. ಸಂಜೆ ಕಿತ್ತೂರಿನಿಂದ ಬಂದವರೊಬ್ಬರು ‘ಟಿಕೀಟ ಎಲ್ಲಿ ಸಿಗತಾವ್ರಿ?’ ಎಂದು ನನ್ನನ್ನೇ ಕೇಳಿದರು! ನಾನು ಅಂಗಡಿಗೆ ಓಡಿದೆ.

“ಸಾಬರ, ಒಂದ ಕಾಪಿ ಅಂದಿದ್ನೆಲ್ರಿ!”

“ಒಂದ ಕೊಟ್ಟೇನಲ್ರಿ ನಿಮಗ. ಮಶೀನ ನೋಡಾಕ ಅಂತ ಮೊದಲ ಒಂದು ತಗದಿದ್ದೆ, ಅದು ಉಳೀತು.”

“ಅದನ್ನ ಮಂದಿಗೆ ಕೊಟ್ರೇನು?”

“ಛೇ ಛೇ, ಯಾರಿಗೂ ಕೊಟ್ಟಿಲ್ರಿ. ಕೇಳಿದವ್ರಿಗಷ್ಟ ಕೊಟ್ಟೇನಿ.”

ನವಿಲುತೀರ್ಥಕ್ಕೆ ಹೋಗಿ ಅಣೆಕಟ್ಟಿನ ನೀರಿನ ಮಟ್ಟದ ಬಗ್ಗೆ ಒಂದು ವಾರ ವಿಶೇಷ ವರದಿ ಮಾಡುವುದು ಒಳ್ಳೆಯದು ಎಂದು ನಿರ್ಧರಿಸಿದೆ. ಚೀಲ ತುಂಬಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಮೋಟರ್‌ಸೈಕಲ್ ನಿಂತಿತು. ಗುತ್ತಿಗೆದಾರ ಈರಣ್ಣ! ನಾನು ಕನ್ನಡಕ ತೆಗೆದು ಜೋಪಾನವಾಗಿ ಕಪಾಟಿನಲ್ಲಿಟ್ಟೆ.

“ಪೇಪರ್ ಸಾಹೇಬ್ರ, ಇದೇನ್ ಹಿಂಗ ಮಾಡೀರಿ?”

“ತಪ್ಪಾತ್ರಿ ಈರಣ್ಣ. ಚಾಷ್ಟಿಗೆ ಅಂತ...”

“ಚಾಷ್ಟಿ ಇರಲ್ರಿ. ನಾ ಗೆದ್ದೇನಿ, ಅದೂ ಛಲೋ ಆತು. ಆದ್ರ ಎರಡನೇ ಕುಸ್ತಿ ಯಾಕ ಕೊಟ್ರಿ? ಎರಡನೇ ಕುಸ್ತಿ ಹೊತ್ತಿಗೆ ಮಂದಿ ಶೇಂಗಾ ತಿನ್ನಾಕ ಹತ್ತಿರತಾರ. ಗದಾ ಕುಸ್ತಿಗೆ ನಾ ಸಲ್ಲೂದಿಲ್ಲೇನು?”

ನಾನು ಕನ್ನಡಕ ಮತ್ತೆ ಹಾಕಿಕೊಂಡೆ.

ಸತ್ಯ ಹೇಳುತ್ತೇನೆ, ಆ ಕ್ಷಣದಲ್ಲಿ ನನ್ನ ಎದೆ ಒಂದು ಅಂಗುಲ ಅಗಲವಾಯಿತು. ಅಲ್ಲಿಯವರೆಗೆ ವರ್ಷಗಟ್ಟಲೆ ಬರೆದ ಖರೆ ಸುದ್ದಿಯನ್ನು ಯಾರೂ ಓದಿರಲಿಲ್ಲ. ಅದೇ ರಸ್ತೆಯ ಬಗ್ಗೆ ನಾನು ಎರಡು ಸಲ ವರದಿ ಮಾಡಿದ್ದಾಗ ಈರಣ್ಣ ನನ್ನ ಮನೆ ಎಲ್ಲಿದೆ ಎಂದೂ ಕೇಳಿರಲಿಲ್ಲ. ಈಗ ಸುಳ್ಳು ಪಟ್ಟಿಯಲ್ಲಿ ಒಂದು ನಂಬರಿಗಾಗಿ ಬಾಗಿಲಿಗೆ ಬಂದಿದ್ದರು! ‘ಪರಿಶೀಲಿಸಲಾಗುವುದು’ ಎಂದೆ. ಶುಕ್ರವಾರ ಪರಿಷ್ಕೃತ ಪಟ್ಟಿ ಹೊರಬಿತ್ತು. ಗದೆಯ ಕುಸ್ತಿ ಈರಣ್ಣನವರಿಗೆ, ಗೌಡರು ಮತ್ತು ಬಾಳಪ್ಪ ಎರಡನೇ ನಂಬರಿಗೆ.

“ಗೌಡ್ರನ್ನ ಕೆಳಗ ತಂದ್ರಿ?” ಎಂದಳು ಗಿರಿಜಾ.

“ತಾಂತ್ರಿಕ ಕಾರಣ” ಎಂದೆ.

ಶನಿವಾರ ಮಾಜಿ ಅಧ್ಯಕ್ಷ ಬಾಳಪ್ಪನವರೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಗೌಡ್ರ ಹೆಸರು ಮ್ಯಾಲ, ನಂದು ಕೆಳಗ. ಯಾಕ್ರಿ?”

“ಅವ್ರು ಹಾಲಿ, ನೀವು ಮಾಜಿ...”

“ಅವ ಹಾಲಿ ಆಗಿದ್ದು ನಾ ಒಪ್ಪಿದ ಮ್ಯಾಲರಿ! ಹೋಗ್ಲಿ. ಎರಡು ಪಟ್ಟಿ ಬರದೀರಿ, ಎರಡರಾಗೂ ಅವನ ಗೆದ್ದಾನ. ಒಂದರಾಗರ ನನ್ನ ಪಾಳಿ ಇರಬೇಕಿಲ್ಲೇನ್ರಿ? ಪ್ರಜಾಪ್ರಭುತ್ವ ಐತ್ರಿ!”

ಪ್ರಜಾಪ್ರಭುತ್ವದ ಹೆಸರು ಬಂದ ಮೇಲೆ ಪತ್ರಕರ್ತ ಸುಮ್ಮನಿರುವುದು ಹೇಗೆ? ಮೂರನೇ ಪಟ್ಟಿಯಲ್ಲಿ ಬಾಳಪ್ಪನವರ ಹೆಸರು ಮೇಲೆ ಹೋಯಿತು, ಜಯವೂ ಅವರಿಗೇ ಹೋಯಿತು. ‘ಚಿತ್ ಆದವರು: ಷೇರುದಾರರು’ ಎಂಬಲ್ಲಿ ‘ಗೌಡರು’ ಎಂದು ಬರೆದೆ. ಇಷ್ಟು ದಿನ ಆ ಷೇರುದಾರರ ಸಾಲಿನ ಬಗ್ಗೆ ಮಾತ್ರ ಒಬ್ಬರೂ ತಕರಾರು ಎತ್ತಿರಲಿಲ್ಲ. ಷೇರುದಾರರೂ ಎತ್ತಿರಲಿಲ್ಲ.

ಭಾನುವಾರ ಕಾಲು ಚಾಚಿ ಮಲಗಿದೆ. ಬಂದವರನ್ನೆಲ್ಲ ಸಮಾಧಾನ ಮಾಡಿ ಕಳಿಸಿದ್ದೆ. ಬರದೆ ಉಳಿದವರು ಒಬ್ಬರಿದ್ದಾರೆ ಎಂಬುದು ಹೊಳೆಯಲಿಲ್ಲ. ಸಹಿ ಮಾಡಬೇಕಾದವರು!

ಸೋಮವಾರ ಗಿರಿಜಾ ರಜೆ ಹಾಕಿದಳು. ಟೈಪು ಮಾಡಿಸಿದ ಪತ್ರ ಹಿಡಿದು ಇಬ್ಬರೂ ಗೌಡರ ಮನೆಗೆ ಹೋದೆವು. ಗೌಡರು ಪಡಸಾಲೆಯಲ್ಲಿ ಕೂತಿದ್ದರು. ಎದುರಿನ ಮೇಜಿನ ಮೇಲೆ ಮೂರೂ ಪಟ್ಟಿಗಳನ್ನು ದಿನಾಂಕದ ಪ್ರಕಾರ ಸಾಲಾಗಿ ಹರಡಿಟ್ಟಿದ್ದರು. ನನ್ನ ಬರಹವನ್ನು ಅಷ್ಟು ಶ್ರದ್ಧೆಯಿಂದ ಅದುವರೆಗೆ ಯಾರೂ ಓದಿರಲಿಲ್ಲ.

“ಬರ್ರಿ, ಕುಂದರ್ರಿ. ಒಂದು ಮಾತು ಕೇಳತೇನಿ. ಮೊದಲ್ನೇ ಪಟ್ಯಾಗ ನಾ ಗದಾ ಗೆದ್ದಿದ್ದೆ. ಎರಡನೇದರಾಗ ಗದಾ ಹೋತು. ಮೂರನೇದರಾಗ ನಾನ ಚಿತ್. ನಾಕ ದಿನದಾಗ ನನ್ನ ಕಸುವು ಇಷ್ಟು ಇಳೀತೇನ್ರಿ?”

“ಗೌಡ್ರ, ಅದು ಬರೇ ಕಲ್ಪನಾರಿ...”

“ಕಲ್ಪನಾದಾಗ ನನ್ನ ಕೆಡವಿದವ್ರು ಖರೇದಾಗ ಬಿಡತೀರೇನು? ಮತ್ತ ಆ ಷೇರುದಾರ್ರು ಚಿತ್ ಆಗಿದ್ರಲ್ಲ, ಅದು ಛಲೋ ಇತ್ತು. ಅದನ್ನ ಯಾಕ ತಗದ್ರಿ?”

ಒಳಗಿನಿಂದ ಬಾಳಪ್ಪನವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದರು! ‘ಸಂಜೆ ಕೂಡಿ ಊಟ’ ಎಂದು ಬರೆದದ್ದರಲ್ಲಿ ಒಂದು ತಪ್ಪಿತ್ತು. ಮಧ್ಯಾಹ್ನವೂ ಕೂಡಿಯೇ ಉಣ್ಣುತ್ತಿದ್ದರು.

“ನೋಡ್ರಿ ಗೌಡ್ರ, ಅವ್ರು ಖುಷಿಯಿಂದ ಬರದಾರ. ನಾ ಏನೂ ಒತ್ತಾಯ ಮಾಡಿಲ್ಲ” ಎಂದರು ನನ್ನ ಕಡೆ ನೋಡದೆ.

ಗೌಡರು ಪೆನ್ನಿನ ಟೊಪ್ಪಿಗೆ ಹಾಕಿ ಕಿಸೆಯಲ್ಲಿಟ್ಟರು. ಅದರ ಜೊತೆ ಏಳು ವರ್ಷದ ಸೊಂಟನೋವೂ ಆ ಕಿಸೆಯೊಳಗೆ ಇಳಿಯುತ್ತಿರುವುದು ನನಗೆ ಸ್ಪಷ್ಟವಾಗಿ ಕಂಡಿತು. “ಬರಾಬರಿ ಮಾಡತೇನ್ರಿ ಗೌಡ್ರ, ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ, ಈಗಿಂದೀಗ ಬರಾಬರಿ!” ಎಂದೆ.

“ಇವನ ಕೂಡ ನಾ ಬರಾಬರಿ?” ಎಂದರು ಗೌಡರು.

“ಇವನ ಕೂಡ ನಾ?” ಎಂದರು ಬಾಳಪ್ಪ.

ನಾನು ಗಿರಿಜಾಳ ಕಡೆ ತಿರುಗಿದೆ.

ಗಿರಿಜಾ ವ್ಯಾನಿಟಿ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದಳು. ತಪ್ಪು ಉತ್ತರ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಮೂರನೇ ಪಟ್ಟಿಯನ್ನು ಎಳೆದುಕೊಂಡು ಎರಡು ಮತ್ತು ಮೂರನೇ ಕುಸ್ತಿಗಳಿಗೆ ಅಡ್ಡ ಗೀಟು ಎಳೆದಳು. ಕೆಳಗೆ ಬರೆದಳು: ‘ಗದೆಯ ಕುಸ್ತಿ. ಅಡಿವೆಪ್ಪಗೌಡರು ಮತ್ತು ಬಾಳಪ್ಪನವರು ಒಂದು ಕಡೆ. ವರದಿಗಾರ ಇನ್ನೊಂದು ಕಡೆ. ವರದಿಗಾರ ಒಂದು ನಿಮಿಷದಲ್ಲಿ ಚಿತ್.’

ಗೌಡರ ಮುಖ ಅರಳಿತು. ಬಾಳಪ್ಪನವರ ಮುಖ ಅರ್ಧ ಅರಳಿ ನಿಂತಿತು.

“ಅಕ್ಕಾರ, ಇದರಾಗೂ ನನ್ನ ಹೆಸರು ಎರಡನೇದಕ್ಕ ಬಂದೈತಲ್ರಿ?”

ಗಿರಿಜಾ ಆ ಎರಡು ಹೆಸರುಗಳನ್ನಷ್ಟೇ ಹೊಡೆದುಹಾಕಿ ಒಂದು ದುಂಡನೆಯ ಗೆರೆ ಎಳೆದು, ಅದರ ಸುತ್ತ ಇಬ್ಬರ ಹೆಸರನ್ನೂ ಬರೆದಳು. “ವರ್ತುಲದಾಗ ಮೊದಲಿಲ್ಲ, ಕೊನಿಯಿಲ್ಲ. ಮೂರನೇತ್ತಿ ಹುಡುಗ್ರಿಗೂ ಗೊತ್ತೈತ್ರಿ.”

ಇಬ್ಬರೂ ಕಾಗದವನ್ನು ತಿರುತಿರುಗಿಸಿ ನೋಡಿದರು. ತಿರುಗಿಸಿದಾಗಲೆಲ್ಲ ಒಬ್ಬೊಬ್ಬರು ಮೇಲೆ ಬರುತ್ತಿದ್ದರು. ಇಬ್ಬರಿಗೂ ತೃಪ್ತಿಯಾಯಿತು. ಪೆನ್ನು ಕಿಸೆಯಿಂದ ಹೊರಬಂತು. ಗೌಡರು ಸಹಿ ಮಾಡಿದರು. ಬಾಳಪ್ಪನವರು ಯಾರೂ ಕೇಳದಿದ್ದರೂ ತಮ್ಮದೊಂದು ಸಹಿ ಹಾಕಿದರು.

ಬೀದಿಗೆ ಬಂದಾಗ ಗಿರಿಜಾ ಪತ್ರವನ್ನು ಎದೆಗೆ ಒತ್ತಿ ಹಿಡಿದಿದ್ದಳು. ನನ್ನ ತಲೆಯಲ್ಲಿ ಬೇರೆ ವಿಷಯವಿತ್ತು.

“ಅಲ್ಲ, ಒಂದ ನಿಮಿಷ ಅಂತ ಯಾಕ ಬರದಿ? ಎದುರಿಗೆ ಇಬ್ರು ಇದ್ರು. ಮೂರು ನಿಮಿಷರ ಹಾಕಬೇಕಿತ್ತು. ಮತ್ತ ನನ್ನ ಹೆಸರ ಇಲ್ಲ, ಬರೇ ವರದಿಗಾರ!”

ಅವಳು ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮನಸಿನ್ಯಾಗ ಅರ್ಧಾ ನಿಮಿಷ ಅಂತಿತ್ತು. ಗಂಡ ಅಂತ ಅರ್ಧಾ ಜಾಸ್ತಿ ಹಾಕೇನಿ. ನಡೀರಿ.”

ಆ ಜೂನ್‌ನಲ್ಲಿ ಅವಳು ಊರಿನ ಸಾಲಿಗೆ ಬಂದಳು. ನಾಲ್ಕನೇ ಪಟ್ಟಿ ಗೌಡರ ಮನೆಯಿಂದ ದಸ್ತಗೀರಸಾಬರ ಮಶೀನಿಗೆ ಹೋಯಿತು, ಅಲ್ಲಿಂದ ಕೇಳಿದವರಿಗಷ್ಟೇ ಹೋಯಿತು.

ಎಷ್ಟೋ ವರ್ಷಗಳ ಮೇಲೆ ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಸುರೇಬಾನದ ಬಸ್ಸಿಗೆ ಕಾದಿದ್ದ ಅಪರಿಚಿತರೊಬ್ಬರು ಹತ್ತಿರ ಬಂದು ಮುಖ ನೋಡಿದರು.

“ಒಂದ ನಿಮಿಷದಾಗ ಚಿತ್ ಆದವ್ರು ನೀವ ಅಲ್ಲೇನ್ರಿ?”

ನಾನು ಕಪ್ಪು ಕೆಳಗಿಟ್ಟು, “ಒಂದೂವರಿ” ಎಂದೆ.

ಅವರು ನಂಬಲಿಲ್ಲ. ಊರಿಗೆ ಮರಳಿದ ಮೇಲೆ ನಿಯಮದಂತೆ ಇಬ್ಬರನ್ನು ಕೇಳಿದೆ. ಗಿರಿಜಾ ಒಂದೇ ನಿಮಿಷ ಎಂದಳು. ದಸ್ತಗೀರಸಾಬರೂ ಒಂದೇ ನಿಮಿಷ ಎಂದರು. ತಿದ್ದುಪಡಿ ಪ್ರಕಟಿಸುವ ಅಗತ್ಯ ಕಂಡುಬರಲಿಲ್ಲ.