ಮೈದುನನ ಎಲೆ ಅಡಿಕೆ ಮತ್ತು ನನ್ನ ರೊಟ್ಟಿ

ನನ್ನ ಮೈದುನನಷ್ಟು ಕಾಯ್ದೆ ಪಾಲಿಸುವ ಮನುಷ್ಯ ಇಡೀ ಹೈದರಾಬಾದಿನಲ್ಲಿಲ್ಲ. ಅದಕ್ಕೇ ಅವನಿಗೆ ಲಟ್ಟಣಿಗೆಯಿಂದ ನಾಲ್ಕು ಕೊಡಬೇಕು ಅನ್ನಿಸುತ್ತದೆ!

ಅವನು ನನ್ನ ಗಂಡನ ತಮ್ಮ, ಅವನ ಹೆಂಡತಿ ನನ್ನ ಒಡಹುಟ್ಟಿದ ತಂಗಿ. ಜೋಳದ ರೊಟ್ಟಿ ಬಡಿಯುವ ರೀಲ್ಸ್ ಮಾಡಿ ಫೋನಿನಲ್ಲಿ ತನ್ನ ಪೇಜಿಗೆ ಹಾಕುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಅವಳ ಫೋನೂ ಕೆಟ್ಟಿತು. ಅವಳ ವಿಡಿಯೊ ಉಳಿದಿರುವುದು ಆ ಪೇಜಿನಲ್ಲಿ ಮಾತ್ರ. ಇನ್ನು ಪೇಜು ತಾನೇ ನಡೆಸುವುದಾಗಿ ಇವನು ಹಠ ಹಿಡಿದು, ನಾನು ರೊಟ್ಟಿ ಬಡಿಯುವ ವಿಡಿಯೊಗೆ ಒಂದು ಸಿನಿಮಾ ಹಾಡು ಅಂಟಿಸಿದ. ಪೇಜಿನ ಕಂಪನಿಯಿಂದ ಎಚ್ಚರಿಕೆ ಬಂತು. ಹಾಡು ನಿಮ್ಮದಲ್ಲ, ಅನುಮತಿಯೂ ಇಲ್ಲ. ಮೂರು ಸಲ ಹೀಗಾದರೆ ಪೇಜೇ ಬಂದ್!

"ಕೇಳಿ ಹಾಕಿದ್ರ ಮುಗೀತಲ್ಲೋ" ಎಂದೆ. ನನ್ನ ಬಾಯಿಗೆ ಬೀಗ ಹಾಕಬೇಕಿತ್ತು!

ಮರುದಿನವೇ ಮದುವೆಗೆ ಕರೆಯುವವನ ಹಾಗೆ ಎಲೆ ಅಡಿಕೆ ಹಿಡಿದು ಬೇಗಂ ಬಜಾರಿನ ಬ್ಯಾಂಡಿನವನ ಹತ್ತಿರ ಹೋದ. ಅದೇ ಸಿನಿಮಾ ಹಾಡು ಊದಿಸಿ, ರೆಕಾರ್ಡ್ ಮಾಡಿ, ಅನುಮತಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು, ಪೇಜಿಗೆ ಹಾಕಿದ. ಎರಡನೆಯ ಎಚ್ಚರಿಕೆ! ಜಗಳಕ್ಕೆ ಹೋದರೆ ಬ್ಯಾಂಡಿನವನು ಹೊಟ್ಟೆ ಹಿಡಿದು ನಕ್ಕನಂತೆ: "ಅರೆ ಚಾಚಾ, ಬಜಾಯಾ ಮೈ. ಗಾನಾ ಮೇರೆ ಬಾಪ್ ಕಾ ಹೈ ಕ್ಯಾ?"

ಊದಿದ್ದು ಅವನೇ, ಹಾಡು ಅವನಪ್ಪನದಲ್ಲವಲ್ಲ! ಊದಿದವನು ಬೇರೆ, ಹಾಡು ಕಟ್ಟಿದವನು ಬೇರೆ. ಇಷ್ಟು ತಿಳಿಯಲು ಒಂದು ಎಚ್ಚರಿಕೆ ಹಾಳಾಯಿತು. ಉಳಿದದ್ದು ಒಂದೇ.

ಆಮೇಲೆ ಹುಚ್ಚು ನೆತ್ತಿಗೇರಿತು. ರೆಕಾರ್ಡಿನಲ್ಲಿ ಕಸದ ಗಾಡಿಯ ಹಾಡು ಬಂದೀತೆಂದು ಕಿಟಕಿ ಬಂದ್. ಟಿವಿ ಆರಿಸಿ ಎಂದು ಪಕ್ಕದ ಮನೆಯವರಿಗೂ ಎಲೆ ಅಡಿಕೆ. ಬೇಸಿಗೆಯಲ್ಲಿ ಒಲೆ ಮುಂದೆ ಬೇಯುವವಳು ಯಾರು? ನಾನು! ಅಷ್ಟರಲ್ಲಿ ಕುಕ್ಕರ್ ಕೂಗಿತು.

"ವೈನಿ, ರೆಕಾರ್ಡಿನ್ಯಾಗ ನಿಮ್ಮ ಕುಕ್ಕರ್ ಸೀಟಿ ಬಂದೈತ್ರಿ. ನಿಮ್ಮ ಅನುಮತಿ ಐತೇನ್ರಿ?"

"ಬ್ಯಾಳಿ ಬೆಂದೈತಿ. ಉಂಡು ಬಿದ್ಕೋ!"

ಹೋದ ವಾರ ಎಲೆ ಅಡಿಕೆ ನನ್ನ ಮುಂದೆಯೇ ಬಂತು. ಅವನ ಫೋನಿನಲ್ಲಿ, ಪೇಜಿನ ಹಳೆಯ ವಿಡಿಯೊ ಒಂದರಲ್ಲಿ, ತಂಗಿ ರೊಟ್ಟಿ ಬಡಿಯುತ್ತ ತಾನೇ ಕಟ್ಟಿದ ಹಾಡು ಹೇಳುತ್ತಿದ್ದಳು. ಉಪ್ಪು ತರಲು ಹೋಗಿ, ಹರಟೆ ಹೊಡೆದು, ಬರಿಗೈಯಲ್ಲಿ ಬಂದ ಗಂಡನಿಗೆ ಹಾಡಿನುದ್ದಕ್ಕೂ ಬೈಗುಳ.

"ನಿಮ್ಮ ರೊಟ್ಟಿಗೆ ಇದನ್ನ ಹಾಕ್ತೀನ್ರಿ. ಹಾಡು ಆಕಿದು. ಯಾರ್ನ ಕೇಳ್ಲಿ ವೈನಿ?"

"ಗಂಡ ನೀನ ಅದೀಯಲ್ಲ. ಮತ್ಯಾರ್ನ ಕೇಳ್ತಿ?"

"ನನಗ ಬೈದಾಳಲ್ರಿ. ನಾ ಕೇಳಿದ್ರ ಹೂಂ ಅಂತಿದ್ಲೋ ಇಲ್ಲೋ..."

ಅಡಿಕೆ ಬಾಯಿಗೆ ಹಾಕಿಕೊಂಡು ಅವನು ತಂದಿದ್ದ ಅನುಮತಿ ಕಾಗದ ಎಳೆದುಕೊಂಡೆ. ನನ್ನ ಹೆಸರು ಬರೆಯಲು ನನಗೆ ಚಹಾ ಆರುವಷ್ಟು ಹೊತ್ತು ಬೇಕು. ಅಂದು ಎರಡು ಹೆಸರು ಬರೆದೆ. ಮೊದಲು ಅವಳದು, ಕೆಳಗೆ ನನ್ನದು.